ದರ್ಶನ ಸಾಕು, ಜವಾಬು ಬೇಕು



ಚುನಾವಣೆ ಬಂದೊಡನೆ ಉಮೇದುವಾರರಿಗೆ ನಮ್ಮ ನೆನಪಾಗುತ್ತದೆ. ಬಾವುಟ ಹೊರುವುದಕ್ಕೆ, ಭಿತ್ತಿಪತ್ರ ಅಂಟಿಸುವುದಕ್ಕೆ, ಚಾಳಿನ ಮೆಟ್ಟಿಲು ಹತ್ತಿ ಮನೆಮನೆಗೆ ಚೀಟಿ ಹಂಚುವುದಕ್ಕೆ ಹೋಟೆಲಿನ ಹುಡುಗರೇ ಬೇಕು. ಹಗಲೆಲ್ಲ ಮೇಜು ಒರೆಸಿದ ಕೈ ರಾತ್ರಿ ಅಂಟಿನ ಡಬ್ಬಿ ಹಿಡಿಯುತ್ತದೆ. ಇದಕ್ಕೆ ಪ್ರತಿಫಲವೇನು? ಕೊನೆಯ ದಿನ ನಾಯಕರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಒಂದು ಫೋಟೋ. ಅದನ್ನು ಮೊಬೈಲಿನಲ್ಲಿ ಊರಿಗೆ ಕಳುಹಿಸಿ, ಜನ್ಮ ಸಾರ್ಥಕವಾಯಿತೆಂದುಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಪ್ರಚಾರಕ್ಕೆ ಹೋಗಬೇಡಿರೆಂದು ನಾವು ಹೇಳುತ್ತಿಲ್ಲ. ಹೋಗಲೇಬೇಕು. ಆದರೆ ಭಕ್ತರಾಗಿ ಅಲ್ಲ, ಲೆಕ್ಕ ಕೇಳುವ ಹಕ್ಕುಳ್ಳವರಾಗಿ ಹೋಗಬೇಕು.

ಈ ಮುಂಬಯಿಯಲ್ಲಿಯೇ ನಿದರ್ಶನವಿದೆ. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರು ನಿಂತಿದ್ದರು. ಕೇಂದ್ರದ ರೈಲ್ವೆ ಮಂತ್ರಿಗಳು, ಹಿಂದೆ ಈ ನಗರದ ಮೇಯರಾಗಿದ್ದವರು. ಅವರ ಎದುರಿಗೆ ನಿಂತವರು ಮಂಗಳೂರಿನಿಂದ ಬಂದ 36 ವರ್ಷದ ಜಾರ್ಜ್ ಫೆರ್ನಾಂಡಿಸರು. ಗೆದ್ದವರು ಜಾರ್ಜರು. ಪಾಟೀಲರನ್ನೂ ಸೋಲಿಸಲು ಸಾಧ್ಯ ಎಂಬ ಒಂದೇ ಮಾತನ್ನು ಮತದಾರರಿಗೆ ಮುಟ್ಟಿಸಿದ್ದು ಆ ಪ್ರಚಾರದ ಬಲ.

ಕಾರ್ಮಿಕರು ಅವರ ಬೆನ್ನಿಗೆ ನಿಂತದ್ದೇಕೆ? ಮತ ಕೇಳುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಕಾರ್ಮಿಕರಿದ್ದಲ್ಲಿಗೆ ಬಂದಿದ್ದರು. ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆಯ ಕೆಲಸಗಾರರನ್ನು ಒಟ್ಟುಗೂಡಿಸಿದ್ದರು. ಮುಂಬಯಿಯಲ್ಲಿ ಟ್ಯಾಕ್ಸಿಯವರ, ಪೌರಕಾರ್ಮಿಕರ ಸಂಘಗಳಲ್ಲಿ ದುಡಿದಿದ್ದರು. 1961ರಲ್ಲಿ ಮುನಿಸಿಪಾಲಿಟಿಗೆ ಆರಿಸಿ ಬಂದಿದ್ದರು. ದುಡಿಮೆ ಮೊದಲು, ಜೈಕಾರ ಆಮೇಲೆ.

ಹಾಗೆಂದು ಅವರನ್ನೂ ದೇವರಾಗಿಸಬೇಕಿಲ್ಲ. 1979ರ ಜುಲೈಯಲ್ಲಿ ಮೊರಾರ್ಜಿ ದೇಸಾಯಿ ಸರಕಾರವನ್ನು ಲೋಕಸಭೆಯಲ್ಲಿ ಆವೇಶದಿಂದ ಸಮರ್ಥಿಸಿದ ಅದೇ ಜಾರ್ಜರು, ಕೆಲವೇ ದಿನಗಳಲ್ಲಿ ಆ ಸರಕಾರವನ್ನು ಬಿಟ್ಟು ನಡೆದರು. ಏಕೆ ಎಂದು ಕೇಳುವ ಅಧಿಕಾರ, ಅವರಿಗಾಗಿ ಬೆವರು ಸುರಿಸಿದವರಿಗೆ ಇತ್ತು. 2019ರಲ್ಲಿ ಅವರು ತೀರಿಕೊಂಡರು. ಅವರ ಪಟಕ್ಕೆ ಹಾರ ಹಾಕುವವರು ಈ ಎರಡೂ ಸಂಗತಿಗಳನ್ನು ನೆನಪಿಡಬೇಕು.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇನ್ನೊಂದು ಪಾಠವೂ ಗೊತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಹೊರಬಂದರು. 1984ರಲ್ಲಿ ಅವರ ಮುಖಂಡರಾದ ದತ್ತಾ ಸಾಮಂತರು ಲೋಕಸಭೆಗೆ ಗೆದ್ದರು. ಮುಖಂಡರು ಡೆಲ್ಲಿಗೆ ಹೋದರು. ಕಳೆದುಕೊಂಡ ಕೆಲಸ ಸಾವಿರಾರು ಮನೆಗಳಿಗೆ ಮರಳಲಿಲ್ಲ. ಗೆಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

“ಉಮೇದುವಾರರು ನಮ್ಮ ಊರಿನವರು, ನಮ್ಮ ಭಾಷೆಯವರು, ಅವರನ್ನು ಪ್ರಶ್ನಿಸುವುದೇ?” ಎನ್ನುವವರಿದ್ದಾರೆ. ಅವರಿಗೆ ನಮ್ಮದೊಂದೇ ಮಾತು. ಹೋಟೆಲಿನ ಧಣಿಯೂ ನಮ್ಮ ಊರಿನವರೇ. ಊರಿನವನೆಂದು ಅವರು ಎಂದಾದರೂ ಸಂಬಳ ಹೆಚ್ಚು ಕೊಟ್ಟದ್ದುಂಟೆ?

ಒಂದು ಚುನಾವಣೆಯಲ್ಲಿ ನಾವು ಮೂರು ವಾರ ಒಬ್ಬರಿಗಾಗಿ ದುಡಿದೆವು. ಅವರ ಮಾತಿಗೆ ಮನಸೋತೇ ಹೋಗಿದ್ದೆವು. ಭೇಟಿಯ ದಿನ ಅವರು ಹೆಗಲ ಮೇಲೆ ಕೈಯಿಟ್ಟು ಊಟವಾಯಿತೇ ಎಂದು ವಿಚಾರಿಸಿದರು. ಫೋಟೋ ಆಯಿತು. ಪ್ರಾವಿಡೆಂಟ್ ಫಂಡಿನ ಮಾತೆತ್ತಿದೊಡನೆ ಪಕ್ಕದಲ್ಲಿದ್ದವರು ಗಡಿಯಾರ ತೋರಿಸಿದರು. ನಾವು ಬಿಡಲಿಲ್ಲ, ಬರೆದೊಯ್ದ ಅರ್ಜಿಯನ್ನು ಕೈಗಿತ್ತೇ ಬಂದೆವು. ಅದರ ಜವಾಬು ಇನ್ನೂ ಬಂದಿಲ್ಲ. ನಾವೂ ಕೇಳುವುದನ್ನು ನಿಲ್ಲಿಸಿಲ್ಲ.

ಎಲ್ಲಕ್ಕಿಂತ ನಾಚಿಕೆಯ ಸಂಗತಿ ಬೇರೆಯಿದೆ. ಗಂಟಲು ಹರಿಯುವಂತೆ ಜೈಕಾರ ಹಾಕುವ ನಮ್ಮ ಎಷ್ಟೋ ಹುಡುಗರ ಹೆಸರು ಇಲ್ಲಿನ ಮತಪಟ್ಟಿಯಲ್ಲಿಯೇ ಇಲ್ಲ! ಹೋಟೆಲಿನ ಅಟ್ಟದಲ್ಲಿ ಮಲಗುವವನಿಗೆ ವಿಳಾಸವೆಲ್ಲಿ ಎಂದು ಕೇಳುತ್ತಾರೆ. ಬೀದಿಯಲ್ಲಿ ಮಲಗುವವನ ಹೆಸರನ್ನೂ, ಅಧಿಕಾರಿ ರಾತ್ರಿ ಬಂದು ಕಣ್ಣಾರೆ ಕಂಡು, ಪಟ್ಟಿಗೆ ಸೇರಿಸುವ ವ್ಯವಸ್ಥೆಯಿದೆ. ಹಾಗಿರುವಾಗ ಅಟ್ಟದಲ್ಲಿ ಮಲಗುವವನು ಏಕೆ ಹೊರಗುಳಿಯಬೇಕು? ಹೊಸಬರಿಗೆ ನಮೂನೆ 6, ಊರಿನ ಪಟ್ಟಿಯಿಂದ ಇಲ್ಲಿಗೆ ಬದಲಾಯಿಸಿಕೊಳ್ಳುವವರಿಗೆ ನಮೂನೆ 8. ಪಟ್ಟಿಯಲ್ಲಿ ಹೆಸರಿದ್ದ ಕೆಲಸಗಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 135ಬಿ ಕಲಮು ಹೇಳುತ್ತದೆ. ಅಂದು ಗಿರಾಕಿ ಹೆಚ್ಚು ಎಂಬ ಧಣಿಯ ಮಾತು ಕಾನೂನಲ್ಲ. ಮತವಿಲ್ಲದವನ ಹೆಗಲು ಉಮೇದುವಾರರಿಗೆ ಬೇಕು. ಅವನ ಅಹವಾಲು ಬೇಡ.

ಆದುದರಿಂದ ಇನ್ನು ಮುಂದೆ ಬಾವುಟ ಮುಟ್ಟುವ ಮೊದಲು ಮೂರು ಕೆಲಸ ಆಗಲಿ. ವಾರದ ರಜೆ, ಪ್ರಾವಿಡೆಂಟ್ ಫಂಡು, ಇ.ಎಸ್.ಐ. — ನಮ್ಮ ಬೇಡಿಕೆಗಳನ್ನು ಬರೆದು ಉಮೇದುವಾರರ ಸಹಿ ಪಡೆಯೋಣ. ಅವರ ಹಳೆಯ ದುಡಿಮೆ ಏನೆಂದು ವಿಚಾರಿಸೋಣ. ಗೆದ್ದ ಮೇಲೆ ಆರು ತಿಂಗಳಿಗೊಮ್ಮೆ ಅದೇ ಕಾಗದ ಹಿಡಿದು ಅವರ ಬಾಗಿಲಿಗೆ ಹೋಗೋಣ, ಒಬ್ಬೊಬ್ಬರಾಗಿ ಅಲ್ಲ, ಸಂಘವಾಗಿ. ಅವರು ಸಿಟ್ಟಾದರೆ ಆಗಲಿ.

ಮತಪಟ್ಟಿಯಲ್ಲಿ ಹೆಸರಿಲ್ಲದ ಬಂಧುಗಳು ರಾತ್ರಿ ಕೆಲಸ ಮುಗಿಸಿ ಸಂಘದ ಕಚೇರಿಗೆ ಬರಬೇಕು. ನಮೂನೆ ತುಂಬಿಕೊಡಲು ನಮ್ಮವರು ಕಾದಿರುತ್ತಾರೆ.