ಸೋಲೋಕೆ ಬಿಡಿ ಸ್ವಾಮಿ

"ನಾನು ವಿಡಿಯೋ ಗೇಮ್ ಆಡ್ತೀನಿ" ಅಂದ ತಕ್ಷಣ ಜನ ಕೇಳೋ ಮುಂದಿನ ಪ್ರಶ್ನೆ ನನಗೀಗ ಬಾಯಿಪಾಠ. "ಓ, ಕ್ಯಾಂಡಿ ಕ್ರಶ್ಶಾ?" ನಲವತ್ತರ ಹತ್ತಿರದ ಹೆಂಗಸು ಇನ್ನೇನು ಆಡ್ತಾಳೆ ಅನ್ನೋದು ಅವರ ಲೆಕ್ಕ. ಅಲ್ಲ ಮಾರಾಯ್ರೆ, ಏಜ್ ಆಫ್ ಎಂಪೈರ್ಸ್ ಅಂದರೆ ಅವರ ಮುಖ ಒಂಥರಾ ಆಗತ್ತೆ. ಒಂದು ನಿಮಿಷ ಸುಮ್ಮನಿದ್ದು, "ಯಾವುದಾದರೇನು, ಎಲ್ಲ ಒಂದೇ ಅಲ್ವಾ? ಟೈಮ್ ವೇಸ್ಟು" ಅಂತ ಷರಾ ಬರೀತಾರೆ.

ಒಂದೇ ಅಲ್ಲ. "ಅವನು ಕುಡೀತಾನೆ" ಅಂತ ಯಾರಾದರೂ ಹೇಳಿದರೆ ಮಜ್ಜಿಗೆನೋ ಬ್ರಾಂದಿನೋ ಅಂತ ತಿಳಿದುಕೊಳ್ಳದೆ ತೀರ್ಪು ಕೊಡ್ತೀವಾ? ಗೇಮ್ ಅಂದಾಗ ಮಾತ್ರ ಲೋಟದೊಳಗೆ ಏನಿದೆ ಅಂತ ಬಗ್ಗಿ ನೋಡೋಕೂ ಯಾರೂ ತಯಾರಿಲ್ಲ. ಆಡುವವರೂ ಈ ವಿಷಯದಲ್ಲಿ ಸಾಚಾಗಳಲ್ಲ. ಶೂಟಿಂಗು, ರೇಸಿಂಗು, ಸ್ಟ್ರಾಟಜಿ, ಪಜಲ್ಲು ಅಂತ ಜಾತಿ ಮಾಡಿಕೊಂಡು, ನಿನ್ನದಕ್ಕಿಂತ ನನ್ನದು ಮೇಲು ಅಂತ ಕಚ್ಚಾಡ್ತಾರೆ. ನನಗೂ ಜಾತಿ ಇದೆ ಅನ್ನಿ: ಮೊದಲು ಸ್ಟ್ರಾಟಜಿ, ಆಮೇಲೆ ಒಗಟಿನ ಆಟ. ಶೂಟಿಂಗ್ ನನಗೆ ಆಗಿಬರಲ್ಲ, ಎದುರಿಗಿರೋನು ಯಾರು ಅಂತ ನೋಡೋದರೊಳಗೆ ನಾನು ಸತ್ತಿರ್ತೀನಿ. ಆದರೆ ನಾನು ಹೇಳೋಕೆ ಹೊರಟಿರೋ ಭೇದ ಈ ಜಾತಿಗಳದ್ದಲ್ಲ. ನನ್ನ ಪ್ರಕಾರ ಆಟಗಳಲ್ಲಿ ಇರೋದು ಎರಡೇ ಬಗೆ. ನಮ್ಮನ್ನು ಸೋಲೋಕೆ ಬಿಡೋವು, ಬಿಡದಿರೋವು.

ಬಿಡೋ ಆಟ ಹೇಗಿರತ್ತೆ ಅಂತ ಮೊದಲು ಹೇಳ್ತೀನಿ.

ನಾನು ಮೊದಲು ಮನಸ್ಸಿಟ್ಟು ಆಡಿದ್ದು ಪ್ರಿನ್ಸ್ ಆಫ್ ಪರ್ಷಿಯಾ. ಶಿವಮೊಗ್ಗದಲ್ಲಿ ನಮ್ಮ ಸೋದರಮಾವನ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ ಕೆಲಸ ಇಲ್ಲದ ಹೊತ್ತಲ್ಲಿ ಕಂಪ್ಯೂಟರು ನಮ್ಮದು. 1989ರಲ್ಲಿ ಜೋರ್ಡಾನ್ ಮೆಕ್ನರ್ ಅನ್ನೋ ಒಬ್ಬನೇ ಹುಡುಗ ಹೆಚ್ಚುಕಮ್ಮಿ ತಾನೇ ಕೂತು ಮಾಡಿದ ಆಟ ಅದು. ತನ್ನ ತಮ್ಮ ಓಡೋದು, ಹಾರೋದನ್ನು ವಿಡಿಯೋ ಮಾಡಿಕೊಂಡು, ಅದನ್ನೇ ಚಿತ್ರ ಚಿತ್ರವಾಗಿ ಬಿಡಿಸಿದ್ದ. ಅದಕ್ಕೇ ಆ ರಾಜಕುಮಾರ ಅಂಚು ಹಿಡಿದು ನೇತಾಡುವಾಗ ನಮ್ಮ ಕೈ ನೋಯ್ತಿತ್ತು. ರಾಜಕುಮಾರಿಯನ್ನು ಬಿಡಿಸೋಕೆ ಇರೋದು ಅರವತ್ತು ನಿಮಿಷ. ಎಷ್ಟು ಸಲ ಬೇಕಾದರೂ ಸಾಯಿ, ಯಾರೂ ಕೇಳಲ್ಲ, ಆದರೆ ಗಡಿಯಾರ ನಿಲ್ಲಲ್ಲ. ಉಳಿದಿರೋ ನಿಮಿಷ ಆಗಾಗ ಪರದೆಯ ಕೆಳಗೆ ಬಂದು ಹೋಗತ್ತೆ. ಮುಚ್ಚುಮರೆ ಇಲ್ಲ.

ಅದರಲ್ಲಿ ಒಂದು ಕಡೆ ಕನ್ನಡಿಯೊಳಗಿಂದ ಹಾರಿಹೋಗಬೇಕು. ಹಾರಿದಾಗ ನಿಮ್ಮ ನೆರಳು ನಿಮ್ಮಿಂದ ಬೇರೆಯಾಗಿ ಓಡಿಹೋಗತ್ತೆ. ಆಮೇಲೆ ಉದ್ದಕ್ಕೂ ಅದು ತರಲೆ. ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲತ್ತೆ. ನೀವು ಅದಕ್ಕೆ ಹೊಡೆದರೆ ನಿಮ್ಮ ಜೀವವೇ ಕಮ್ಮಿ ಆಗತ್ತೆ. ನಾವು ಎಷ್ಟು ದಿನ ಹೊಡೆದುಕೊಂಡು ಸತ್ತೆವೋ ಲೆಕ್ಕ ಇಟ್ಟಿಲ್ಲ. ದಾರಿ ಇದ್ದದ್ದು ಕತ್ತಿಯನ್ನು ಒರೆಗೆ ಹಾಕೋದರಲ್ಲಿ. ಹಾಕಿ ಮುಂದೆ ನಡೆದರೆ ನೆರಳು ಬಂದು ಕೂಡಿಕೊಳ್ಳತ್ತೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಸೋತು ಸೋತು ಬೇಜಾರಾಗಿ ಕೈಬಿಟ್ಟ ಒಂದು ಗಳಿಗೆಯಲ್ಲಿ ಹೊಳೀತು. ಆವತ್ತು ಐದು ರೂಪಾಯಿ ಕೊಟ್ಟು ಆ ಜಾಗ ದಾಟಿಬಿಡೋ ಅನುಕೂಲ ಇದ್ದಿದ್ದರೆ, ಮಾವನ ಗಲ್ಲಾಪೆಟ್ಟಿಗೆಯಿಂದ ಖಂಡಿತ ತೆಗೀತಿದ್ವಿ, ಮತ್ತು ಆ ಹೊಳೆಯೋದು ಅನ್ನೋದು ನಮಗೆ ಸಿಗ್ತಾನೇ ಇರಲಿಲ್ಲ.

ಏಜ್ ಆಫ್ ಎಂಪೈರ್ಸ್‌ನ ಎರಡನೇ ಭಾಗ ಬಂದಿದ್ದು 1999ರಲ್ಲಿ. ಇವತ್ತೂ ಆಡ್ತೀನಿ. ಹೆಸರು ಕೇಳಿ ಬರೀ ಯುದ್ಧ ಅಂದುಕೊಳ್ತಾರೆ. ಶುರುವಿನ ಹೊತ್ತೆಲ್ಲ ಅದೊಂದು ಒಕ್ಕಲುತನ: ಕುರಿ ಹುಡುಕು, ಹಣ್ಣು ಬಿಡಿಸು, ಮರ ಕಡಿ, ಹೊಲ ಹೂಡು. ಇಪ್ಪತ್ತನೇ ನಿಮಿಷಕ್ಕೆ ಶತ್ರು ಬಂದು ಊರು ಸುಟ್ಟರೆ, ತಪ್ಪಿದ್ದು ಯುದ್ಧದಲ್ಲಲ್ಲ, ಐದನೇ ನಿಮಿಷದಲ್ಲಿ ಹಳ್ಳಿಗರನ್ನು ಸುಮ್ಮನೆ ನಿಲ್ಲಿಸಿದ್ದರಲ್ಲಿ. ಆಟ ಮುಗಿದ ಮೇಲೆ ಇಬ್ಬರ ಲೆಕ್ಕವನ್ನೂ ಅದೇ ತೆಗೆದು ತೋರಿಸತ್ತೆ. ಇಷ್ಟು ನಿಯತ್ತಾಗಿ ನನ್ನ ಸೋಲಿನ ಲೆಕ್ಕ ಯಾವ ಆಫೀಸೂ ಕೊಟ್ಟಿಲ್ಲ. (2022ರ ವಿಸ್ತರಣೆಯಲ್ಲಿ ದ್ರಾವಿಡರನ್ನೂ ಸೇರಿಸಿದರು. ಕತೆ ಸಿಕ್ಕಿದ್ದು ರಾಜೇಂದ್ರ ಚೋಳನಿಗೆ, ನಮ್ಮ ಪುಲಕೇಶಿಗಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ.)

ಇನ್ನೊಂದು ಹೇಳಲೇಬೇಕು, ಪೇಪರ್ಸ್, ಪ್ಲೀಸ್. ಲ್ಯೂಕಸ್ ಪೋಪ್ ಅನ್ನೋರು 2013ರಲ್ಲಿ ಮಾಡಿದ್ದು. ಒಂದು ಸರ್ವಾಧಿಕಾರಿ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡಿ ಸೀಲ್ ಹೊಡೆಯೋ ಗುಮಾಸ್ತ ನೀವು. ತಲೆಗಿಷ್ಟು ಅಂತ ಕೂಲಿ. ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಸಂಜೆ ಮನೆಬಾಡಿಗೆ, ಊಟ, ಚಳಿಗೆ ಬೆಂಕಿ, ಇದರಲ್ಲಿ ಯಾವುದಕ್ಕೆ ದುಡ್ಡು ಸಾಲುತ್ತೆ ಅಂತ ನೋಡಬೇಕು. ಗಂಡನ ಕಾಗದ ಸರಿ ಇದೆ, ಹಿಂದೆ ನಿಂತ ಹೆಂಡತಿಯದ್ದು ಇಲ್ಲ. ಬಿಡ್ತೀರಾ? ಬಿಟ್ಟರೆ ಮನೇಲಿ ಮಗನಿಗೆ ಔಷಧಿ ಇಲ್ಲ. ತಾಲೂಕು ಕಚೇರಿಯ ಕಿಟಕಿ ಮುಂದೆ ನಿಂತು ಬೈದುಕೊಂಡ ಎಲ್ಲರೂ ಒಮ್ಮೆ ಕಿಟಕಿಯ ಒಳಗೆ ಕೂರಬೇಕು. ಅಲ್ಲಿ ಸೋಲದೆ ಇರೋಕೆ ಸಾಧ್ಯವೇ ಇಲ್ಲ. ಯಾವ ಥರ ಸೋಲಬೇಕು ಅನ್ನೋದಷ್ಟೇ ನಿಮ್ಮ ಕೈಲಿರೋದು.

ಈಗ ಸೋಲೋಕೆ ಬಿಡದ ಆಟಕ್ಕೆ ಬನ್ನಿ.

2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಸಾಗಾದಲ್ಲಿ ಐದು ಜೀವ. ಕಳಕೊಂಡರೆ ಒಂದು ಜೀವ ವಾಪಸ್ ಬರೋಕೆ ಅರ್ಧ ಗಂಟೆ. ಇನ್ನೇನು ಗೆದ್ದೆ ಅನ್ನೋವಾಗ ನಡೆಗಳು ಮುಗೀತವೆ, ಇನ್ನೈದು ನಡೆ ಬೇಕಾ ಅಂತ ಕೇಳತ್ತೆ. ಅದೇ ವರ್ಷದ ಕ್ಲಾಶ್ ಆಫ್ ಕ್ಲಾನ್ಸ್‌ನಲ್ಲಿ ಕಟ್ಟಡಗಳನ್ನು ಕಟ್ಟೋಕೆ ಮುಂದೆ ಹೋದಂತೆ ಗಂಟೆಗಟ್ಟಲೆ, ದಿನಗಟ್ಟಲೆ ಕಾಯಬೇಕು. ಹರಳು ಕೊಟ್ಟರೆ ಕಾಯಬೇಕಾಗಿಲ್ಲ. ಆ ಕಾಯೋದು ಎಲ್ಲಿಂದ ಬಂತು ಹೇಳಿ? ಗಾರೆಯವನು ಸಿಗಲಿಲ್ವಾ, ಸಿಮೆಂಟು ಒಣಗಬೇಕಿತ್ತಾ? ಅದನ್ನು ಮಾರೋಕೆ ಅಂತಲೇ ತಂದಿಟ್ಟಿದ್ದಾರೆ. ದಾರಿಗೆ ಮುಳ್ಳು ಸುರಿದು ಪಕ್ಕದಲ್ಲೇ ಚಪ್ಪಲಿ ಅಂಗಡಿ ಹಾಕೋ ವ್ಯಾಪಾರ ಇದು. ರೂಪಾಯಿಯಲ್ಲಿ ನೇರ ಬೆಲೆ ಹೇಳಿದರೆ ನಮಗೆ ಚುರುಕ್ ಅನ್ನತ್ತೆ ಅಂತ ಮೊದಲು ರೂಪಾಯಿಯನ್ನು ಹರಳು ಮಾಡ್ತಾರೆ, ಚಿನ್ನದ ಗಟ್ಟಿ ಮಾಡ್ತಾರೆ. ಆಮೇಲೆ ನಾವು ಖರ್ಚು ಮಾಡೋದು ಹರಳು, ದುಡ್ಡಲ್ಲ!

ನಮ್ಮಕ್ಕನ ಮಗ ಎಂಟನೇ ಕ್ಲಾಸು. ಇಂಥದ್ದೇ ಒಂದು ಆಟಕ್ಕೆ ಎರಡು ತಿಂಗಳಲ್ಲಿ ಅಕ್ಕನ ಫೋನಿಂದ ಹನ್ನೊಂದು ಸಾವಿರ ಹೋಗಿತ್ತು. ಇಪ್ಪತ್ತೊಂಬತ್ತು, ಎಂಬತ್ತೊಂಬತ್ತು, ಹೀಗೆ ಚಿಲ್ಲರೆ ಚಿಲ್ಲರೆಯಾಗಿ. ಭಾವ ಮಾಡಿದ್ದೇನು? "ಗೇಮ್ ಅನ್ನೋ ಶಬ್ದ ಈ ಮನೇಲಿ ಕೇಳಬಾರದು" ಅಂತ ಎಲ್ಲವನ್ನೂ ಅಳಿಸಿ ಹಾಕಿದರು. ಹುಡುಗ ಶಾಲೆಯ ತಂಡಕ್ಕೆ ಅಭ್ಯಾಸ ಮಾಡ್ತಿದ್ದ ಚೆಸ್ ಹೋಯ್ತು. ನಾನು ಹಾಕಿಕೊಟ್ಟಿದ್ದ ಏಜ್ ಆಫ್ ಎಂಪೈರ್ಸೂ ಹೋಯ್ತು. "ನೀನೇ ಅಲ್ವೇನಮ್ಮ ಚಟ ಹಿಡಿಸಿದ್ದು" ಅಂತ ನನಗೂ ಒಂದು ಬಂತು. ರಾತ್ರಿ ಹುಡುಗ ಮೆಲ್ಲಗೆ ಫೋನ್ ಮಾಡಿ ಹೇಳಿದ, "ಚಿಕ್ಕಮ್ಮ, ಆ ಆಟದಲ್ಲಿ ನಾನು ಒಂದ್ಸಲಾನೂ ಸರಿಯಾಗಿ ಸೋತಿಲ್ಲ ಗೊತ್ತಾ. ಸೋಲೋ ಹೊತ್ತಿಗೆ ಅದೇ ಕೇಳತ್ತೆ, ದುಡ್ಡು ಹಾಕ್ತೀಯಾ ಅಂತ." ಹದಿಮೂರು ವರ್ಷದವನಿಗೆ ಗೊತ್ತಾಗಿರೋದು ಮನೆಯ ದೊಡ್ಡವರಿಗೆ ಗೊತ್ತಾಗಿಲ್ಲ.

ಸರ್ಕಾರಗಳದ್ದೂ ಭಾವನ ಕತೆಯೇ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆದಾಗ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು, ಆದರೆ ಆದೇಶದಲ್ಲಿದ್ದದ್ದು ದೇಶದ ಭದ್ರತೆ, ಮಾಹಿತಿ ಸೋರಿಕೆ. ಮಕ್ಕಳ ಸುದ್ದಿ ಅಲ್ಲ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ನಿಲ್ಲಿಸ್ತೀವಿ ಅಂದರು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಚೀಲಕ್ಕೆ ತುಂಬಿದ್ದರು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕ್ತು. 2025ರ ಕೇಂದ್ರದ ಕಾನೂನು ಹಿಡಿಯೋಕೆ ಹೊರಟಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನು. ಸಂತೋಷ. ಆದರೆ ಕಟ್ಟಿದ ದುಡ್ಡು ವಾಪಸ್ ಬರೋ ಆಸೆಯೂ ಇಲ್ಲದ ಆಟ? ರಮ್ಮಿಯಲ್ಲಿ ನೂರು ಕಳಕೊಂಡರೆ ಜೂಜು, ಹರಳಿಗೆ ನೂರು ಕೊಟ್ಟರೆ ಮನರಂಜನೆ. ಬೆಲ್ಜಿಯಂನವರು 2018ರಲ್ಲೇ, ದುಡ್ಡು ಕೊಟ್ಟು ತೆರೆಯೋ ಅದೃಷ್ಟದ ಪೆಟ್ಟಿಗೆ ಆಟದೊಳಗಿದ್ದರೂ ಜೂಜೇ ಅಂದರು.

ಇಷ್ಟು ಬರೆದರೆ ಬರೋ ತಕರಾರುಗಳು ಗೊತ್ತು. ಹಳೇ ಕಾಲದಲ್ಲೂ ನಾಣ್ಯ ಹಾಕೋ ಮೆಷೀನು ಇರಲಿಲ್ವಾ ಅಂತೀರಿ. ಇತ್ತು, ಅದೂ ಬೇಕಂತಲೇ ಬೇಗ ಸಾಯಿಸ್ತಿತ್ತು. ಆದರೆ ನಾಣ್ಯ ಕೈಲಿರ್ತಿತ್ತು. ಜೇಬು ಖಾಲಿ ಆದಾಗ ಗೊತ್ತಾಗ್ತಿತ್ತು, ಮನೆಗೆ ನಡ್ಕೊಂಡು ಬರ್ತಿದ್ವಿ. ಸಿವಿಲೈಸೇಶನ್ ಥರದ ಆಟ ರಾತ್ರಿ ನಿದ್ದೆ ನುಂಗಲ್ವಾ? ನುಂಗತ್ತೆ, ನನ್ನ ಎಷ್ಟೋ ಭಾನುವಾರ ಅದರ ಹೊಟ್ಟೆಗೇ ಹೋಗಿವೆ. ಒಳ್ಳೇ ಕಾದಂಬರಿಯೂ ನುಂಗತ್ತೆ. ನಡುರಾತ್ರಿ ಮುಂದಿನ ಪುಟ ತಿರುಗಿಸೋಕೆ ಕಾದಂಬರಿ ದುಡ್ಡು ಕೇಳಲ್ಲ.

ಮೂರನೇ ತಕರಾರಿಗೆ ಮಾತ್ರ ತೂಕ ಇದೆ: ಬಡವರ ಮನೆ ಹುಡುಗ ಸಾವಿರ ಕೊಟ್ಟು ಗೇಮ್ ತಗೊಳ್ತಾನಾ, ಅವನಿಗೆ ಬಿಟ್ಟಿ ಸಿಗೋದೇ ಅದು ತಾನೆ ಅನ್ನೋದು. ಸರಿ. ಆದರೆ ಬಿಟ್ಟಿ ಅಂದಕೂಡಲೇ ಅಂಗಡಿ ಇರಲೇಬೇಕು ಅಂತ ಯಾರು ಹೇಳಿದ್ದು? ಲಿಚೆಸ್‌ನಲ್ಲಿ ಚೆಸ್ ಬಿಟ್ಟಿ, ಜಾಹೀರಾತೂ ಇಲ್ಲ. ಬ್ಯಾಟಲ್ ಫಾರ್ ವೆಸ್ನಾತ್ ಅನ್ನೋ ಸ್ಟ್ರಾಟಜಿ ಆಟ 2003ರಿಂದ ಇದೆ, ಆಸಕ್ತರೇ ಸೇರಿ ಕಟ್ಟಿದ್ದು, ಕಂಪ್ಯೂಟರಿಗೆ ಬಿಟ್ಟಿ. ಏಜ್ ಆಫ್ ಎಂಪೈರ್ಸ್ ಥರದ್ದೇ ಬೇಕಾದರೆ ಜೀರೋ ಎ.ಡಿ. ಇದೆ, ಅದರಲ್ಲಿ ಮೌರ್ಯರೂ ಇದ್ದಾರೆ, ಅದೂ ಬಿಟ್ಟಿ. ನಮ್ಮಜ್ಜಿಯ ಚೌಕಾಬಾರಕ್ಕೆ ಬೇಕಿದ್ದದ್ದು ನಾಲ್ಕು ಕವಡೆ, ಒಂದು ಸೀಮೆಸುಣ್ಣ. ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ಹೋಗೋ ಹಾಗಿಲ್ಲ ಅಂದರೆ ಇಲ್ಲ. ಅಜ್ಜಿ ಮೊಮ್ಮಕ್ಕಳಿಗೂ ರಿಯಾಯಿತಿ ಕೊಡ್ತಿರಲಿಲ್ಲ.

ನಿಷೇಧ ಬೇಡ. ನಾನು ಕೇಳೋದು ಇಷ್ಟೇ. ಪ್ರಿನ್ಸ್ ಆಟದಲ್ಲಿ ಉಳಿದ ನಿಮಿಷ ಪರದೆಯ ಕೆಳಗೆ ಬರ್ತಿತ್ತಲ್ಲ, ಹಾಗೆ ಈ ಆಟಗಳಲ್ಲೂ ಆಡೋವನು ಇಲ್ಲಿವರೆಗೆ ಕೊಟ್ಟ ದುಡ್ಡು ಬರಲಿ. ಹರಳಲ್ಲಿ ಅಲ್ಲ, ರೂಪಾಯಿಯಲ್ಲಿ, ದಪ್ಪ ಅಕ್ಷರದಲ್ಲಿ, ಆಟ ತೆರೆದಾಗಲೆಲ್ಲ. ಅಪ್ಪ ಅಮ್ಮಂದಿರಿಗೂ ಒಂದು ಮಾತು: ಮಗ ಆಡ್ತಿದ್ದಾಗ ಹಿಂದೆ ನಿಂತು ಬೈಯೋ ಬದಲು ಪಕ್ಕದಲ್ಲಿ ಹತ್ತು ನಿಮಿಷ ಕೂತು, ಅವನು ಸೋತಾಗ ಪರದೆ ಮೇಲೆ ಏನು ಬರತ್ತೆ ಅಂತ ನೋಡಿ. "ಮತ್ತೆ ಆಡು" ಅಂತ ಬಂದರೆ ಬಿಟ್ಟುಬಿಡಿ, ಆಡಲಿ. ಬೆಲೆ ಬಂದರೆ ತೆಗೆದುಹಾಕಿ, ಅದೊಂದನ್ನೇ.

ಭಾವ ಇನ್ನೂ ಒಪ್ಪಿಲ್ಲ. ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗ್ತಿದ್ದೀನಿ. ಲ್ಯಾಪ್‌ಟಾಪ್ ತಗೊಂಡೇ ಹೋಗ್ತೀನಿ.