ಚಿಗರಿಗೆ ಬಿತ್ತುವುದಾದರೆ ಯಾವ ಬೀಜ?

ಮುಂಗಾರು ಹತ್ತಿರವಾದರೆ ರಾಣೆಬೆನ್ನೂರು ಸುತ್ತಿನ ಹಳ್ಳಿಗಳ ಕಟ್ಟೆಯ ಮೇಲೆ ಒಂದು ಮಾತು ಏಳುತ್ತದೆ: “ಅಡವಿಯೊಳಗ ಏನರ ಮೇವು ಬಿತ್ತಿಬಿಟ್ರ ಚಿಗರಿ ನಮ್ಮ ಹೊಲಕ್ಕ ಯಾಕ ಬರ್ತಾವ?” ಮಾತಿನಲ್ಲಿ ತಪ್ಪಿಲ್ಲ. ನಮ್ಮ ತಕರಾರು ಇರುವುದು ಆ “ಏನರ” ಎಂಬ ಪದದ ಮೇಲೆ.

ಹೊಲ ಕಾದವರಿಗೆ ಗೊತ್ತು. ಗೋವಿನಜೋಳ ಎರಡೆಲೆ ಒಡೆದಿರುತ್ತದೆ, ಹೆಸರು ಹೂವಿಗೆ ಬಂದಿರುತ್ತದೆ, ಒಂದು ಹಿಂಡು ಬಂದು ಹೋದರೆ ಸಾಲುಗಟ್ಟಲೆ ಮೊಳಕೆ ಮಾಯ. ಮತ್ತೆ ಬೀಜ ತರಬೇಕು, ಮತ್ತೆ ಬಿತ್ತಬೇಕು, ಅಷ್ಟರಲ್ಲಿ ಹದ ಹೋಗಿರುತ್ತದೆ. ಪರಿಹಾರದ ಅರ್ಜಿಗೆ ಫೋಟೊ, ಉತಾರ, ಓಡಾಟ. ರಾತ್ರಿ ಬ್ಯಾಟರಿ ಹಿಡಿದು ಗುಡಿಸಲಲ್ಲಿ ಮಲಗುವವರ ನಿದ್ದೆಗೆ ಯಾವ ನಮೂನೆಯಲ್ಲೂ ಕಲಂ ಇಲ್ಲ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ ಜೈಲು. ಹಾಗಾಗಿ ಚಿಗರಿಯನ್ನು ಹೊಲದಿಂದ ದೂರ ಇಡುವ ದಾರಿ ಹುಡುಕುವುದು ರೈತರಿಗೆ ಹೊಟ್ಟೆಪಾಡು.

ಆದರೆ ಚಿಗರಿ ಹೊಲಕ್ಕೆ ಬರುವುದು ಯಾಕೆ? ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 119 ಚದರ ಕಿಲೋಮೀಟರ್. ಕಾಗದದ ಮೇಲೆ ದೊಡ್ಡ ಜಾಗ. ಒಳಗೆ ಕಣ್ಣು ಹಾಯಿಸಿದರೆ ಬಹುಪಾಲು ನೀಲಗಿರಿ. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದವರೆಗೆ ಕಣ್ಣಿಗೆ ಕಾಣಬೇಕು, ತೋಳ ಬಂದರೆ ಓಡಲು ಜಾಗ ಬೇಕು, ಮೇಯಲು ಗಿಡ್ಡ ಹುಲ್ಲು ಬೇಕು. ನೀಲಗಿರಿ ತೊಪ್ಪಲನ್ನು ಅದು ತಿನ್ನುವುದಿಲ್ಲ, ಆ ಮರದ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಹುಲ್ಲಿನ ಪ್ರಾಣಿಯ ಹೆಸರಲ್ಲಿ ಬೇಲಿ ಹಾಕಿ ಒಳಗೆ ಮರ ಬೆಳೆಸಿದ್ದೇವೆ. ಇದೇ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತವೂ ಇತ್ತು, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ಆ ದೊಡ್ಡ ಹಕ್ಕಿ. ಅದರ ಪಾಡು ಏನಾಯಿತೆಂದು ಹಿರಿಯರನ್ನು ಕೇಳಿ.

ಅಂದರೆ ಅಲ್ಲಿ ಹುಲ್ಲು ಬಿತ್ತಲೇಬೇಕು. ಆದರೆ ಯಾವುದು?

ಮೊದಲು ಬರುವ ಸಲಹೆ ಹೈಬ್ರಿಡ್ ನೇಪಿಯರ್. ಹೈನುಗಾರರಿಗೆ ಅದು ವರ, ನಾವೂ ಒಪ್ಪುತ್ತೇವೆ. ಆದರೆ ಅದು ಆಳೆತ್ತರ ಬೆಳೆಯುತ್ತದೆ, ನೀರು ಬೇಡುತ್ತದೆ. ಆಳೆತ್ತರದ ಹುಲ್ಲೊಳಗೆ ಚಿಗರಿ ನುಗ್ಗುವುದಿಲ್ಲ, ಅಲ್ಲಿ ಏನು ಅಡಗಿದೆಯೋ ಅದಕ್ಕೆ ಕಾಣುವುದಿಲ್ಲ. ಎರಡನೆಯದು ಕುದುರೆ ಮಸಾಲೆ ಸೊಪ್ಪು. ಅದಕ್ಕೂ ನೀರಾವರಿ ಬೇಕು, ಹಸಿದ ಹೊಟ್ಟೆಗೆ ಜಾಸ್ತಿ ತಿಂದರೆ ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆ ಉಬ್ಬರ. ದನ ಸಾಕಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇನ್ನು ಕೆಲವರು ಅಂಚಿನಲ್ಲಿ ಒಂದಿಷ್ಟು ಗೋವಿನಜೋಳವನ್ನೇ ಹಾಕಿಬಿಡಿ ಅನ್ನುತ್ತಾರೆ. ಚಿಗರಿಗೆ ಗೋವಿನಜೋಳದ ರುಚಿ ಹತ್ತಿಸಿ, ಪಕ್ಕದ ಹೊಲಕ್ಕೆ ಹೋಗಬೇಡ ಅನ್ನುವುದು ಯಾವ ಲೆಕ್ಕ?

ಈ ಯೋಚನೆ ಎಲ್ಲಿಂದ ಬಂತೆಂದು ನಮಗೆ ಅನುಮಾನ. ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೊಗಳಿವೆ. ಜಿಂಕೆಗೆಂದೇ ಚೀಲದಲ್ಲಿ ಬರುವ ಬೀಜ, ಕ್ಲೋವರ್, ಚಿಕೋರಿ, ಟರ್ನಿಪ್. ನೋಡೋಕೆ ಹಸಿರು, ಜಿಂಕೆ ಬಂದೇ ಬರುತ್ತವೆ. ಆದರೆ ಅಲ್ಲಿ ಬಹಳಷ್ಟು ಜನ ಬಿತ್ತುವುದು ಬೇಟೆಗೆ. ಮಚಾನದ ಎದುರಿಗೆ ಜಿಂಕೆಯನ್ನು ಕರೆಸಿಕೊಳ್ಳುವ ಬೀಜ ಅದು. ನಮಗೆ ಬೇಕಿರುವುದು ಕರೆಯುವ ಬೀಜ ಅಲ್ಲ. ಅಡವಿಯ ನಡುವೆಯೇ ಅದನ್ನು ಉಳಿಸಿಕೊಳ್ಳುವ ಬೀಜ.

ತಪ್ಪು ಬೀಜ ಬಿತ್ತಿದರೆ ಒಂದು ವರ್ಷ ಹಾಳು, ಮುಂದಿನ ವರ್ಷ ಸರಿಮಾಡಿದರಾಯಿತು ಎಂದು ಸುಮ್ಮನಿರುವಂತಿಲ್ಲ. ಬಳ್ಳಾರಿ ಜಾಲಿಯನ್ನು ನೋಡಿ. ಮೆಕ್ಸಿಕೊ ಕಡೆಯ ಗಿಡ. ಬರದ ನಾಡಿಗೆ ಉರುವಲು, ಹಸಿರು ಕೊಡುತ್ತದೆಂದು ತಂದರು. ಗುಜರಾತಿನ ವೇಳಾವದರ್‌ನಲ್ಲಿ ಕೃಷ್ಣಮೃಗಗಳು ಅದರ ಕಾಯಿ ತಿಂದು, ಬೀಜವನ್ನು ಹಿಕ್ಕೆಯಲ್ಲಿ ಹುಲ್ಲುಗಾವಲಿನ ತುಂಬ ಹರಡುತ್ತವೆ. ಬೀಜ ಗಟ್ಟಿ, ಹೊಟ್ಟೆಯೊಳಗೆ ಹೋಗಿಬಂದರೂ ಸಾಯುವುದಿಲ್ಲ. ತಿನ್ನಿಸಿದ್ದೇ ಬಿತ್ತನೆಯಾಯಿತು, ತಿಂದ ಪ್ರಾಣಿಯ ಬಯಲೇ ಮುಳ್ಳಾಯಿತು. ಸುಬಾಬುಲ್ ಬಗ್ಗೆಯೂ ನಮಗೆ ಇದೇ ಭಯ. ಒಂದು ಸಲ ಬೇರೂರಿದರೆ ಕಡಿದಷ್ಟೂ ಚಿಗುರುವ ಜಾತಿ ಅದು.

ಹಾಗಾದರೆ ಯಾವುದು? ಉತ್ತರ ನಿಮ್ಮ ಒಡ್ಡಿನ ಮೇಲಿದೆ. ಗಾಯರಾಣದ ಮೂಲೆಯಲ್ಲಿ, ಗುಡ್ಡದ ಬೆನ್ನಲ್ಲಿ, ಟ್ರ್ಯಾಕ್ಟರ್ ಹೋಗದ ಕಡೆ ಇನ್ನೂ ಉಳಿದಿರುವ ಊರ ಹುಲ್ಲು. ಮಸಾರಿ ನೆಲಕ್ಕೆ ಅಂಜನ ಹುಲ್ಲು, ಎರಿ ನೆಲಕ್ಕೆ ಮಾರ್ವೆಲ್ ಹುಲ್ಲು, ನಡುನಡುವೆ ಗರಿಕೆ. ಧೋತರಕ್ಕೆ ಚುಚ್ಚಿಕೊಳ್ಳುವ ಆ ಊಬಿನ ಹುಲ್ಲು ಕೂಡ ಎಳೆಯದಿದ್ದಾಗ ಒಳ್ಳೆಯ ಮೇವೇ. ಅದರ ಊಬು ಮಳೆ ನೀರು ಬಿದ್ದ ಕೂಡಲೇ ತಿರುಚಿಕೊಂಡು ಬೀಜವನ್ನು ತಾನೇ ಮಣ್ಣಿಗೆ ಇಳಿಸುತ್ತದೆ. ಇವು ಯಾವುದಕ್ಕೂ ಬೋರ್‌ವೆಲ್ ಬೇಡ, ಗೊಬ್ಬರದ ಚೀಲ ಬೇಡ.

ಕಷ್ಟ ಇರುವುದು ಬೀಜದಲ್ಲಿ. ಹುಲ್ಲಿನ ಬೀಜ ಹೊಟ್ಟಿನಷ್ಟು ಹಗುರ, ಕೈಯಿಂದ ಚೆಲ್ಲಿದರೆ ಗಾಳಿಗೆ ಹೋಗುತ್ತದೆ. ಮಣ್ಣು, ಸಗಣಿ ಬೆರೆಸಿ ಸಣ್ಣ ಗುಳಿಗೆ ಕಟ್ಟಬೇಕು. ಅರ್ಧ ಅಂಗುಲಕ್ಕಿಂತ ಆಳ ಹೋದರೆ ಮೊಳಕೆ ಮೇಲೇಳುವುದು ಕಷ್ಟ. ಅಂಜನ ಹುಲ್ಲಿನ ಬೀಜವನ್ನು ಕೊಯ್ದ ಕೂಡಲೇ ಬಿತ್ತಿದರೆ ಸರಿಯಾಗಿ ಹುಟ್ಟುವುದಿಲ್ಲ, ಕೆಲವು ತಿಂಗಳು ಒಣಗಿಸಿ ಇಡಬೇಕು. ಇದೆಲ್ಲ ಗುಟ್ಟೇನಲ್ಲ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಧಾರವಾಡದಲ್ಲೇ ಇದೆ, ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. (ಹುಬ್ಬಳ್ಳಿಯಿಂದ ಮುಂದಕ್ಕೆ ಹತ್ತುವ ಬಸ್ಸಿನ ಹೆಸರೂ ಚಿಗರಿ. ಹೆಸರಿಗೆ ನಮ್ಮಲ್ಲಿ ಬರವಿಲ್ಲ.)

ನಮಗೆ ಸಿಟ್ಟು ಬರುವುದು ಇಲ್ಲಿ. ರಾಣೆಬೆನ್ನೂರು ಅಂದರೆ ಬೀಜದ ಊರು. ಟೊಮೆಟೊ, ಮೆಣಸಿನಕಾಯಿ, ಬೆಂಡೆಯ ಹೈಬ್ರಿಡ್ ಬೀಜ ಇಲ್ಲಿಂದ ದೇಶದ ಮೂಲೆಮೂಲೆಗೆ ಹೋಗುತ್ತದೆ. ನಮ್ಮ ಅವ್ವ, ಅಕ್ಕಂದಿರು ಬಿಸಿಲಲ್ಲಿ ನಿಂತು ಒಂದೊಂದೇ ಮೊಗ್ಗು ಬಿಡಿಸಿ ಕ್ರಾಸಿಂಗ್ ಮಾಡುತ್ತಾರೆ. ಯಾವ ಕಾಯಿ ಹಣ್ಣಾದಾಗ ಬೀಜ ತೆಗೆಯಬೇಕು, ಎಷ್ಟು ಒಣಗಬೇಕು, ಮೊಳಕೆ ಪ್ರಮಾಣ ಎಷ್ಟು ಬಂದರೆ ಕಂಪನಿ ದುಡ್ಡು ಕೊಡುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಇಂಥ ತಾಲ್ಲೂಕಿನಲ್ಲಿ ಚಿಗರಿಗೆ ಬೇಕಾದ ಹುಲ್ಲಿನ ಬೀಜ ಸಿಗುವುದಿಲ್ಲ ಅಂದರೆ ನಾವು ನಂಬಬೇಕೆ? ಕೇಳುವವರಿಲ್ಲ, ಅದಕ್ಕೇ ಮಾರುವವರಿಲ್ಲ. ಕಿಲೋಗೆ ಇಷ್ಟು ಅಂತ ಇಲಾಖೆ ಬೆಲೆ ಕಟ್ಟಲಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಡ್ಡಿನ ಮೇಲಿಂದಲೇ ಬೀಜ ತಂದು ಸುರಿಯುತ್ತಾರೆ.

“ಮೇವು ಚಲೋ ಆದ್ರ ಚಿಗರಿ ಇನ್ನೂ ಹೆಚ್ಚಾಗ್ತಾವಲ್ಲ?” ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದರು. ಪ್ರಶ್ನೆ ಸರಿ ಇದೆ, ಹಾರಿಸಿ ಹೋಗುವಂಥದ್ದಲ್ಲ. ಹೊಟ್ಟೆ ತುಂಬಿದರೆ ಮರಿ ಉಳಿಯುತ್ತವೆ. ಹುಲ್ಲು ಬಂದ ಮೇಲೂ ಒಂದಷ್ಟು ಚಿಗರಿ ಹೊಲಕ್ಕೆ ಬಂದೇ ಬರುತ್ತವೆ, ಹಾಗಾಗಿ ಪರಿಹಾರದ ಹಣ ನಿಲ್ಲಬಾರದು. ಆದರೆ ನೀರು ಹಾಯಿಸಿ ಬೇಸಿಗೆಯಲ್ಲೂ ಹಸಿರಿಡುವ ಮೇವಿನ ತುಂಡು ಬೇರೆ, ಮಳೆಯ ಜೊತೆ ಚಿಗುರಿ ಬಿಸಿಲಿಗೆ ಒಣಗುವ ಬಯಲು ಬೇರೆ. ಮೊದಲನೆಯದು ಹಿಂಡನ್ನು ಒಂದೇ ಕಡೆ ಗುಡ್ಡೆ ಹಾಕುತ್ತದೆ, ಅದೂ ಹಳ್ಳಿಯ ಅಂಚಿಗಿದ್ದರೆ ನಮ್ಮ ಹೊಲದ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಎರಡನೆಯದರಲ್ಲಿ ಚಿಗರಿ ಚದುರಿಕೊಂಡು ಮೇಯುತ್ತವೆ.

ಅಭಯಾರಣ್ಯದೊಳಗೆ ನಾವು ನೀವು ಹೋಗಿ ಬಿತ್ತುವಂತಿಲ್ಲ, ಅದು ಇಲಾಖೆಯ ಕೆಲಸ. ಆದರೆ ಕೇಳುವುದು ನಮ್ಮ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಮೂರೇ ಮಾತು ಕೇಳಿ: ನೀಲಗಿರಿ ಕಡಿದ ಜಾಗದಲ್ಲಿ ಮತ್ತೆ ಏನು ನೆಡುತ್ತೀರಿ? ಮೇವಿನ ಬೀಜ ಎಲ್ಲಿಂದ ತರುತ್ತೀರಿ, ಯಾವ ಜಾತಿ? ಊರ ಹೊಲದಿಂದ ಎಷ್ಟು ದೂರ ಬಿತ್ತುತ್ತೀರಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಫೋಟೊ ತೆಗೆದು ನಮಗೂ ಕಳಿಸಿ.

ಹಿಂಗಾರಿನ ಹೊತ್ತಿಗೆ ಹುಲ್ಲು ತೆನೆ ಕಟ್ಟುತ್ತದೆ. ಈ ಸಲ ಒಡ್ಡಿಗೆ ಬೆಂಕಿ ಇಡುವ ಮೊದಲು, ಕಳೆನಾಶಕ ಹೊಡೆಯುವ ಮೊದಲು, ಒಂದು ಹಳೇ ಚೀಲ ಹಿಡಿದು ಹೋಗಿ ಬೀಜ ಉದುರಿಸಿಕೊಳ್ಳಿ. ನೆರಳಲ್ಲಿ ಒಣಗಿಸಿ, ಇಲಿ ಮುಟ್ಟದ ಕಡೆ ತೂಗುಹಾಕಿ. ಜೂನ್ ಹೊತ್ತಿಗೆ ಇಲಾಖೆಯವರು “ಬೀಜ ಎಲ್ಲೈತಿ?” ಅಂದಾಗ ತೋರಿಸಲು ಬೇಕಾಗುತ್ತದೆ.