ದುರ್ಬೀನನ್ನು ಬದಲಿಸುವವರಿಗೆ ಕೆಲವು ಮಾತು



ಹಕ್ಕಿಗಳನ್ನು ನೋಡುವ ಹವ್ಯಾಸವು ನಮ್ಮ ಗೃಹಸ್ಥರಲ್ಲಿ ಹಬ್ಬುತ್ತಿರುವುದು ಸಂತೋಷದ ಸಂಗತಿಯಾಗಿದೆ. ಇದನ್ನು ಕೈಕೊಂಡವರು ಮೊದಲು ಬರಿಗಣ್ಣಿನಿಂದಲೂ, ಅನಂತರ ಅಗ್ಗದ ಬೆಲೆಯ ಜೋಡಿ ದುರ್ಬೀನು, ಎಂದರೆ ಬೈನಾಕ್ಯುಲರ್ ಒಂದರಿಂದಲೂ ತೃಪ್ತರಾಗಿದ್ದು, ಎರಡು ಮೂರು ವರ್ಷಗಳು ಕಳೆದ ಮೇಲೆ "ಇದಕ್ಕಿಂತ ಒಳ್ಳೆಯದನ್ನು ಕೊಳ್ಳಬೇಕು" ಎಂಬ ಆಲೋಚನೆಗೆ ಬರುವರು. ಆಲೋಚನೆಯು ಯುಕ್ತವಾದುದೇ. ಆದರೆ "ಒಳ್ಳೆಯದು" ಎಂಬ ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳದೆ ಅಂಗಡಿಗೆ ಹೋದವನು, ಹೆಚ್ಚು ಹಣವನ್ನು ತೆತ್ತು ಮೊದಲಿಗಿಂತಲೂ ಮಂದವಾದ ನೋಟವನ್ನು ಮನೆಗೆ ತರುವ ಸಂಭವವುಂಟು. ಪಿಂಚಣಿಯಿಂದ ಸಂಸಾರವನ್ನು ಸಾಗಿಸುವ ನಮ್ಮಂತಹವರಿಗೆ ಇದು ಸಣ್ಣ ನಷ್ಟವಲ್ಲ.

ನಮ್ಮ ಹಳೆಯ ಶಿಷ್ಯರೊಬ್ಬರು ಪತ್ರ ಬರೆದು, "ನನ್ನಲ್ಲಿ ಎಂಟು ಮಡಿಯ ದುರ್ಬೀನು ಇದೆ, ಅಷ್ಟೇ ಬೆಲೆಗೆ ಇಪ್ಪತ್ತು ಮಡಿಯದು ಸಿಕ್ಕುತ್ತದೆ, ಕೊಳ್ಳಲೇ?" ಎಂದು ಕೇಳಿದ್ದಾರೆ. ಈ ಪ್ರಶ್ನೆಯು ಅವರೊಬ್ಬರದೇ ಅಲ್ಲವಾದುದರಿಂದ, ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ದುರ್ಬೀನಿನ ಮೈಮೇಲೆ 8×42, 10×50 ಎಂದು ಎರಡು ಅಂಕಿಗಳು ಇರುವುವಷ್ಟೆ. ಮೊದಲನೆಯದು ಅದು ಎಷ್ಟು ಮಡಿ ದೊಡ್ಡದಾಗಿ ತೋರಿಸುವುದೆಂಬುದನ್ನೂ, ಎರಡನೆಯದು ಮುಂದಿನ ಮಸೂರದ ವ್ಯಾಸವು ಎಷ್ಟು ಮಿಲಿಮೀಟರೆಂಬುದನ್ನೂ ತಿಳಿಸುವುವು. ಕೆರೆಯ ಏರಿಯಿಂದ 40 ಮೀಟರು ದೂರದಲ್ಲಿ ಕುಳಿತ ಹಕ್ಕಿಯು ಎಂಟು ಮಡಿಯ ದುರ್ಬೀನಿನಲ್ಲಿ 5 ಮೀಟರು ದೂರದಲ್ಲಿದ್ದಂತೆಯೂ, ಹತ್ತು ಮಡಿಯದರಲ್ಲಿ 4 ಮೀಟರು ದೂರದಲ್ಲಿದ್ದಂತೆಯೂ ಕಾಣುವುದು. ಎಂಟರಿಂದ ಹತ್ತಕ್ಕೆ ಏರಿದವನಿಗೆ ದೊರೆತ ಲಾಭವು ಒಂದು ಮೀಟರು ಮಾತ್ರ. ಇಪ್ಪತ್ತಕ್ಕೆ ಹಾರಿದರೆ 2 ಮೀಟರಿಗೆ ಬರುವುದು ನಿಜ. ಆದರೆ ಹಕ್ಕಿಯು ಇಪ್ಪತ್ತು ಮಡಿ ದೊಡ್ಡದಾಗುವಾಗ ನಮ್ಮ ಕೈಯ ನಡುಕವೂ ಇಪ್ಪತ್ತು ಮಡಿಯಾಗುವುದು. ಮುಕ್ಕಾಲಿಯ ಆಸರೆಯಿಲ್ಲದೆ ಅಂತಹುದನ್ನು ಹಿಡಿದವನಿಗೆ ಹಕ್ಕಿಯ ಬದಲಾಗಿ ಹಕ್ಕಿಯ ಕುಣಿತವು ಕಾಣುವುದು. ನೋಟದ ಹರವು ಕಿರಿದಾಗುವುದರಿಂದ, ಕೊಂಬೆಯಿಂದ ಕೊಂಬೆಗೆ ನೆಗೆಯುವ ಸಣ್ಣ ಹಕ್ಕಿಯನ್ನು ಹುಡುಕಿ ಹಿಡಿಯುವುದೂ ದುಸ್ತರವಾಗುವುದು.

ಇನ್ನು ಬೆಳಕಿನ ಲೆಕ್ಕ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ, ದುರ್ಬೀನಿನಿಂದ ಕಣ್ಣಿಗೆ ಹೊರಡುವ ಬೆಳಕಿನ ಕಂಬದ ದಪ್ಪವು ದೊರೆಯುವುದು. 8×42ರಲ್ಲಿ ಇದು 5¼ ಮಿಲಿಮೀಟರು. 20×50ರಲ್ಲಿ 2½ ಮಾತ್ರ. ನಡುಹಗಲಿನಲ್ಲಿ ಕಣ್ಣಿನ ಪಾಪೆಯು 2–3 ಮಿಲಿಮೀಟರಿಗೆ ಕುಗ್ಗಿರುವುದರಿಂದ ಈ ಭೇದವು ತೋರದು. ಹಕ್ಕಿಗಳು ಚಟುವಟಿಕೆಯಿಂದಿರುವುದಾದರೋ ಮುಂಜಾನೆಯ ಹಾಗೂ ಸಂಜೆಯ ಮಸುಕಿನಲ್ಲಿ. ಆಗ ಪಾಪೆಯು ಹಿಗ್ಗಿ 5 ಮಿಲಿಮೀಟರಾದರೆ, 2½ರ ಕಂಬವು ಅದರ ವಿಸ್ತಾರದಲ್ಲಿ ನಾಲ್ಕರಲ್ಲೊಂದು ಪಾಲನ್ನು ಮಾತ್ರ ತುಂಬುವುದು, ಉಳಿದುದು ಬರಿದು. ಯೌವನದಲ್ಲಿ ಕತ್ತಲೆಯಲ್ಲಿ 7 ಮಿಲಿಮೀಟರಿನವರೆಗೆ ಹಿಗ್ಗುವ ಪಾಪೆಯು ಅರುವತ್ತರ ಹೊತ್ತಿಗೆ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿಯೇ ನಿಲ್ಲುವುದಾದುದರಿಂದ, ವಯಸ್ಸಾದವರು ಇದಕ್ಕಿಂತ ದಪ್ಪನಾದ ಬೆಳಕಿಗಾಗಿ ಭಾರವನ್ನು ಹೊರಬೇಕಾದುದಿಲ್ಲ.

ಹಾಗಾದರೆ ಹೆಚ್ಚಿನ ಹಣವು ಕೊಳ್ಳತಕ್ಕದ್ದು ಏನನ್ನು? ಅಲಂಕಾರಿಕರಲ್ಲಿ ಅನೇಕರು ಮಾಧುರ್ಯ, ಓಜಸ್ಸು, ಪ್ರಸಾದಗಳೆಂದು ಕಾವ್ಯಕ್ಕೆ ಮೂರು ಗುಣಗಳನ್ನು ಹೇಳಿರುವರು. ದುರ್ಬೀನಿನ ಮಡಿಯು ಅದರ ಓಜಸ್ಸು. ನಾವು ಹಣ ಕೊಟ್ಟು ಕೊಳ್ಳಬೇಕಾದುದು ಪ್ರಸಾದವನ್ನು, ಎಂದರೆ ತಿಳಿಯಾದ ನೋಟವನ್ನು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಹಿಂದಕ್ಕೆ ಹೊಡೆಯುವುದು. ಅಂತಹ ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ನಷ್ಟವಾಗುವುದು. ಹಿಂದಿರುಗಿದ ಬೆಳಕು ಕೊಳವೆಯೊಳಗೆ ಅಲೆದು ನೋಟಕ್ಕೆ ಬಿಳಿಯ ಮಂಜನ್ನು ಬಳಿಯುವುದು. ಇದಕ್ಕೆ ಪರಿಹಾರವಾಗಿ 1935ರಲ್ಲಿ ಜರ್ಮನಿಯ ತ್ಸೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲಾ ಎಂಬವರು ಗಾಜಿನ ಮೇಲೆ ಅತಿ ತೆಳುವಾದ ಲೇಪವನ್ನು ಕೂಡಿಸುವ ಕ್ರಮವನ್ನು ಕಂಡುಹಿಡಿದರು. ಇಂದು ಒಳ್ಳೆಯ ದುರ್ಬೀನುಗಳಲ್ಲಿ ಎಲ್ಲ ಮೈಗಳಿಗೂ ಹಲವು ಪದರಗಳ ಲೇಪವಿರುತ್ತದೆ. "ಫುಲ್ಲಿ ಮಲ್ಟಿಕೋಟೆಡ್" ಎಂಬ ಮಾತನ್ನು ಪೆಟ್ಟಿಗೆಯ ಮೇಲೆ ಹುಡುಕಬೇಕು. ಮಾತನ್ನು ನಂಬದವರು ಮುಂದಿನ ಮಸೂರದಲ್ಲಿ ದೀಪದ ಪ್ರತಿಬಿಂಬವನ್ನು ನೋಡಲಿ. ಅದು ಮಂಕಾಗಿ ಹಸುರು ಅಥವಾ ನೇರಿಳೆಯ ಬಣ್ಣದಲ್ಲಿದ್ದರೆ ಲೇಪವುಂಟು. ಬೆಳ್ಳಗೆ ಹೊಳೆದರೆ ಇಲ್ಲ. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರಗಳು ನೋಡುವುದಕ್ಕೆ ಅಂದ. ಆದರೆ ಕೆಂಪು ಬೆಳಕನ್ನು ಹಿಂದಕ್ಕೆ ತಳ್ಳುವ ಅವುಗಳಲ್ಲಿ ಹಕ್ಕಿಯ ಬಣ್ಣವು ಕೆಡುವುದು.

ದುರ್ಬೀನಿನ ಆಕಾರವು ಎರಡು ಬಗೆ. ಇಟಲಿಯ ಪೊರ್ರೊ ಎಂಬಾತನು 1854ರಲ್ಲಿ ಹಕ್ಕನ್ನು ಪಡೆದ ಅಶ್ರಗಗಳ ಜೋಡಣೆಯುಳ್ಳವು ಭುಜಗಳನ್ನು ಅಗಲಿಸಿಕೊಂಡಂತೆ ಇರುವುವು. ಅಲ್ಪ ಬೆಲೆಯಲ್ಲಿ ಒಳ್ಳೆಯ ನೋಟವನ್ನು ಕೊಡತಕ್ಕವು ಇವೇ. ನೆಟ್ಟಗಿನ ಕೊಳವೆಗಳುಳ್ಳ "ರೂಫ್" ಜಾತಿಯವು ಹಿಡಿಯಲು ಹದವಾಗಿಯೂ, ನೀರು ಹೋಗದಂತೆ ಮುಚ್ಚಲು ಸುಲಭವಾಗಿಯೂ ಇರುವುವು. ಅದೇ ತೆರನ ನೋಟಕ್ಕೆ ಬೆಲೆ ಮಾತ್ರ ಹೆಚ್ಚು. ಮಲೆನಾಡಿನ ಮಳೆಯಲ್ಲಿ ವಾಸಿಸುವವರು, ಒಳಗೆ ನೈಟ್ರೋಜನ್ ತುಂಬಿ ಭದ್ರವಾಗಿ ಮುಚ್ಚಿದ ದುರ್ಬೀನನ್ನೇ ಕೊಳ್ಳುವುದು ಕ್ಷೇಮ. ಇಲ್ಲವಾದರೆ ನಾಲ್ಕಾರು ಮಳೆಗಾಲಗಳಲ್ಲಿ ಮಸೂರದ ಮೇಲೆ ಜೇಡರ ಬಲೆಯಂತೆ ಬೂಷ್ಟು ಹರಡುವುದು. ಕನ್ನಡಕವನ್ನು ಧರಿಸುವವರು, ಕಣ್ಣು ಹಿಂದಿನ ಮಸೂರದಿಂದ 15 ಮಿಲಿಮೀಟರಿಗೆ ಕಡಮೆಯಿಲ್ಲದಷ್ಟು ದೂರವಿದ್ದರೂ ಪೂರ್ಣ ನೋಟವು ಸಿಕ್ಕುವುದೇ ಎಂದು ವಿಚಾರಿಸಿ, ಕನ್ನಡಕವನ್ನು ಹಾಕಿಕೊಂಡೇ ಪರೀಕ್ಷಿಸತಕ್ಕದ್ದು.

ಇಷ್ಟನ್ನು ಹೇಳಿದ ಮೇಲೆ, ಇದೆಲ್ಲಕ್ಕಿಂತ ಮೊದಲು ಹೇಳಬೇಕಾಗಿದ್ದ ಸಂಗತಿಯೊಂದಿದೆ. ಹೋದ ವರ್ಷ ನಮ್ಮ ಹಳೆಯ 10×50 ದುರ್ಬೀನಿನಲ್ಲಿ ಹಕ್ಕಿಗಳು ಹೊಗೆ ಮುಸುಕಿದಂತೆ ಕಾಣತೊಡಗಿದುವು. ಹೊಸದನ್ನು ಕೊಳ್ಳುವ ಮಾತೆದ್ದಾಗ, ಒಂದು ಪರೀಕ್ಷೆಯನ್ನು ಮಾಡಿ ನೋಡಿದೆವು. ಬಲಗೊಳವೆಯ ಮೂಲಕ ಮೊದಲು ಎಡಗಣ್ಣಿನಿಂದ, ಬಳಿಕ ಬಲಗಣ್ಣಿನಿಂದ ಒಂದೇ ತೆಂಗಿನ ಗರಿಯನ್ನು ನೋಡಿದೆವು. ಎಡಗಣ್ಣಿಗೆ ಗರಿಯ ಎಳೆ ಎಳೆಯೂ ಕಂಡಿತು, ಬಲಗಣ್ಣಿಗೆ ಹೊಗೆಯೇ. ಎಡಗೊಳವೆಯಲ್ಲಾದರೋ ಎರಡು ಕಣ್ಣಿಗೂ ಮಬ್ಬು. ಆದಕಾರಣ ದೋಷವು ಎರಡು ಕಡೆ ಇದ್ದಿತು: ಎಡಗೊಳವೆಯಲ್ಲಿ ಬೂಷ್ಟು, ಬಲಗಣ್ಣಿನಲ್ಲಿ ಪೊರೆ. ವೈದ್ಯರು ನೋಡಿ ಎರಡನೆಯದನ್ನು ದೃಢಪಡಿಸಿದರು. ಕೂಡಿಟ್ಟ ಹಣವು ಎರಡಕ್ಕೂ ಒಟ್ಟಿಗೆ ಸಾಲುವಂತಿರಲಿಲ್ಲ. "ಕಣ್ಣು ಮೊದಲು, ದುರ್ಬೀನು ಆಮೇಲೆ" ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಅದರ ಮೇಲೆ ಅಪೀಲಿಲ್ಲ. ಶಸ್ತ್ರಚಿಕಿತ್ಸೆಯಾಗಿ, ಕಣ್ಣಿಗೆ ಹೊಸ ಮಸೂರವು ಬಂದು, ಒಂಬತ್ತು ತಿಂಗಳ ಉಳಿತಾಯವಾದ ಮೇಲೆಯೇ ಮಧ್ಯಮ ಬೆಲೆಯ 8×42 ಒಂದನ್ನು ಕೊಂಡೆವು.

ಆ ಮಾಘಮಾಸದಲ್ಲಿ ಕೆರೆಯ ಕೋಡಿಯ ಬಳಿ ಖಂಜನಪಕ್ಷಿಯನ್ನು, ಎಂದರೆ ಬಾಲವನ್ನು ಕುಣಿಸುವ ಸಿಪಿಲೆಯನ್ನು, ನೋಡಿದೆವು. "ಖಂಜನಾಕ್ಷೀ" ಎಂಬ ಸಮಾಸವನ್ನು ಮೂವತ್ತು ವರ್ಷ ಮಕ್ಕಳಿಗೆ ಬಿಡಿಸಿ ಹೇಳಿದವರು ನಾವು. ಹಣೆಯು ಬೆಳ್ಳಗಿದ್ದರೆ ಅದು ಚಳಿಗಾಲಕ್ಕೆ ಉತ್ತರದಿಂದ ಬರುವ ಅತಿಥಿ. ಹಣೆಯು ಕಪ್ಪಾಗಿ ಹುಬ್ಬು ಮಾತ್ರ ಬೆಳ್ಳಗಿದ್ದರೆ ಅದು ವರ್ಷವೆಲ್ಲ ಇಲ್ಲಿಯೇ ಇರತಕ್ಕ ನಮ್ಮ ನಾಡಿನದು. ಆ ದಿನ ಕಲ್ಲಿನ ಮೇಲಿದ್ದುದು ಅತಿಥಿ; ಅದರ ಬಿಳಿಯ ಹಣೆಯಲ್ಲಿ ಕಪ್ಪಾದ ಕಣ್ಣು ಒಂದು ಕ್ಷಣವೂ ನಿಲ್ಲದೆ ಹೊಳೆಯುತ್ತಿದ್ದಿತು. ಕವಿಗಳು ಆ ಉಪಮಾನವನ್ನು ಏಕೆ ಹುಡುಕಿಕೊಂಡರೆಂಬುದು ಕೋಶದಿಂದ ತಿಳಿದಿದ್ದಕ್ಕಿಂತ ಹೆಚ್ಚಾಗಿ ಆ ಹೊತ್ತು ತಿಳಿಯಿತು. ಅರುವತ್ತರಲ್ಲಿ ಇಂತಹ ವೆಚ್ಚವು ಸರಿಯೇ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಸಮಾಧಾನವನ್ನು ನಾವು ಹೇಳಲಾರೆವು. ಮೊಮ್ಮಗಳಿಗೂ ಅದು ಉಳಿಯುವುದೆಂಬುದು ಮೇಲಣ ಲಾಭ.

ಶಿಷ್ಯರಿಗೆ ನಮ್ಮ ಉತ್ತರವಿಷ್ಟು. ಇಪ್ಪತ್ತು ಮಡಿಯದು ಬೇಡ. ನಿಮ್ಮ ಎಂಟು ಮಡಿಯದೇ ಮಬ್ಬಾಗಿದ್ದರೆ, ಮೊದಲು ಕಣ್ಣನ್ನು ಪರೀಕ್ಷಿಸಿಕೊಂಡು, ಬಳಿಕ ಲೇಪವುಳ್ಳ ಎಂಟು ಮಡಿಯದನ್ನೇ ಕೊಳ್ಳಿರಿ. ಬೆಲೆಯು ಕೆಲವು ಸಾವಿರಗಳಿಂದ ಲಕ್ಷವನ್ನೂ ಮೀರಿ ಹೋಗುವುದು; ಆದರೆ ಮೊದಲ ಮೆಟ್ಟಿಲಿನಲ್ಲಿ ಕಾಣುವಷ್ಟು ಭೇದವು ಕೊನೆಯ ಮೆಟ್ಟಿಲುಗಳಲ್ಲಿ ಕಾಣದು. ಅಂಗಡಿಯ ದೀಪದಲ್ಲಿ ನೋಡಿ ತೃಪ್ತರಾಗದೆ, ಬಾಗಿಲಿಗೆ ಬಂದು ಬೆಳಗುವ ಆಕಾಶದ ಎದುರು ಕುಳಿತ ಕಾಗೆಯನ್ನು ನೋಡಿರಿ. ಅದರ ಅಂಚಿನಲ್ಲಿ ನೇರಿಳೆ ಹಸುರುಗಳ ಗೆರೆಯು ಎಷ್ಟು ಕಡಮೆಯೋ ಗಾಜು ಅಷ್ಟು ಉತ್ತಮ. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬೇಡಿರಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುವುದು. ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲು ಹೇಳಬೇಕು.

ಕೊನೆಯದಾಗಿ, ಹಕ್ಕಿಯ ಪಾಲಿನ ಮಾತು. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಮರಗಳಲ್ಲಿಯೇ ಗೂಡು ಕಟ್ಟುವುವು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಗಳ ಸನಿಹದಲ್ಲಿಯೇ ಮರಿಗಳನ್ನು ಸಾಕುವುವು. ಅಲ್ಲಿಯ ಹಕ್ಕಿಗಳಿಗೆ ಮನುಷ್ಯನ ರೂಢಿಯಿದೆ. ನಮ್ಮ ನಿಮ್ಮ ಕೆರೆಯಂಗಳದ ಹಕ್ಕಿಗೆ ಅದಿಲ್ಲ. ಹತ್ತಿರ ಹೋದರೆ ತಾಯಿ ಎದ್ದು ಹೋಗುವುದು, ಮೊಟ್ಟೆಯು ಬಿಸಿಲಿಗೂ ಕಾಗೆಗೂ ಸಿಕ್ಕುವುದು. ಹೊಸ ದುರ್ಬೀನು ಕೈಗೆ ಬಂದ ಮೇಲೆ ಮೊದಲು ನಿಲ್ಲುತ್ತಿದ್ದ ಸ್ಥಳದಿಂದ ಹತ್ತು ಹೆಜ್ಜೆ ಹಿಂದೆಯೇ ನಿಂತು ನೋಡಬಹುದು. ಮನೆಗೆ ಬಂದೊಡನೆ ಅದನ್ನು ಒಣಬಟ್ಟೆಯಿಂದ ಒರಸಿ, ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಡಿರಿ. ತೊಗಲಿನ ಚೀಲದಲ್ಲಿಟ್ಟು ಗೋಡೆಯ ಮೊಳೆಗೆ ನೇತುಹಾಕಬೇಡಿರಿ. ಮಳೆಗಾಲದಲ್ಲಿ ಬೂಷ್ಟು ಮೊದಲು ಹುಟ್ಟುವುದು ಅಲ್ಲಿಯೇ.